ಅತ್ತೆ ಹಚ್ಚಿದ ಮೇಣ

ಹಿಮ್ಮಡಿ ಒಡೆದವರಿಗಷ್ಟೇ ಗೊತ್ತಿರುವ ಒಂದು ಪೀಡೆಯಿದೆ. ಕೌದಿ ಹೊದ್ದು ಮಲಗಿದರೆ ಅದರ ಹೊಲಿಗೆಯ ನೂಲು ಬಿರುಕಿಗೆ ಸಿಕ್ಕಿಕೊಳ್ಳುತ್ತದೆ. ಕಾಲು ಎಳೆದುಕೊಂಡರೆ ಜೀವ ಚುರ್ ಎನ್ನುತ್ತದೆ. ಮದುವೆಯಾದ ಮೊದಲ ಚಳಿಗಾಲದಲ್ಲೇ ನನಗೆ ಇದರ ಪರಿಚಯವಾಯಿತು. ಅಲ್ಲಿಯವರೆಗೆ ನನಗೆ ಹಿಮ್ಮಡಿ ಎಂಬುದೊಂದು ಇದೆ ಎನ್ನುವುದೇ ನೆನಪಿರಲಿಲ್ಲ.

ನನ್ನ ತವರು ಹರಪನಹಳ್ಳಿ ಪೇಟೆ. ಬಚ್ಚಲಿಗೆ ಹೋಗಲೂ ಹವಾಯಿ ಚಪ್ಪಲಿ ಬೇಕು ನನಗೆ. ಕೊಟ್ಟ ಮನೆ ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಹಳ್ಳಿ. ಇದು ತೊಂಬತ್ತರ ದಶಕದ ಮಾತು. ಅಲ್ಲಿ ಹೊಸ ಸೊಸೆ ಹಿರಿಯರೆದುರು ಚಪ್ಪಲಿ ಮೆಟ್ಟುವ ಹಾಗಿರಲಿಲ್ಲ. ನಮ್ಮ ಮನೆಯೆದುರಿನ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಯಾರಾದರೊಬ್ಬ ಹಿರಿಯರು ಕೂತೇ ಇರುತ್ತಿದ್ದರು. ಹಾಗಾಗಿ ಮೆಟ್ಟುವ ಹೊತ್ತೇ ಬರುತ್ತಿರಲಿಲ್ಲ. ಅತ್ತೆ ಮೊದಲ ದಿನವೇ ನನ್ನ ಚಪ್ಪಲಿಯನ್ನು ಬಾಗಿಲ ಹಿಂದೆ ಸರಿಸಿ, "ಒಂದೀಟು ದಿನ ಹಿಂಗ ಇರ್ಲಿ ಯವ್ವಾ, ಮಂದಿ ಆಡ್ಕೋತಾರ" ಅಂದಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅತ್ತೆಯ ಮೇಲೆ ಅಂದೇ ಹಲ್ಲು ಮಸೆದೆ.

ಶೇಂಗಾ ಕೀಳುವ ಕಾಲ ಬಂತು. ಕಾಲ ಕೆಳಗೆ ಮಸಾರಿ ಹೊಲದ ಕೆಂಪು ಹರಳುಮಣ್ಣು, ಮೇಲೆ ಚಳಿಯ ಒಣಗಾಳಿ. ಹದಿನೈದು ದಿನ ಬರಿಗಾಲಲ್ಲಿ ತಿರುಗಿದೆ ಅಷ್ಟೇ, ಎರಡೂ ಹಿಮ್ಮಡಿ ಸೀಳಿದವು. ಸಾರಿಸಿದ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ರಕ್ತದ ಗುರುತು ಬೀಳತೊಡಗಿತು. ಅತ್ತೆ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಅವರು ಮೊದಲೇ ಮಾತು ಕಡಿಮೆಯವರು. ನಾನು ಅದನ್ನು ಕಲ್ಲುಮನಸ್ಸು ಎಂದುಕೊಂಡೆ.

ಮದ್ದು ಮಾತ್ರ ಮರುದಿನವೇ ಶುರುವಾಯಿತು. ಹಳೇ ಬಕೀಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಹಿಡಿ ಉಪ್ಪು ಹಾಕಿ ಕಾಲು ನೆನೆಸಬೇಕು. ಚರ್ಮ ಮೆತ್ತಗಾದ ಮೇಲೆ ಒಡೆದ ಹೆಂಚಿನ ಚೂರಿನಿಂದ ಸತ್ತ ಚರ್ಮವನ್ನಷ್ಟೇ ಹಗುರವಾಗಿ ಉಜ್ಜಬೇಕು, ಸಿಟ್ಟು ತೀರಿಸಿಕೊಳ್ಳುವವರ ಹಾಗೆ ಅಲ್ಲ. ನಮ್ಮಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚಾದ್ದರಿಂದ ಗೂಡಿನಲ್ಲಿ ಮೇಣದಬತ್ತಿಯ ತುಂಡುಗಳಿಗೆ ಬರವಿರಲಿಲ್ಲ. ಆ ಮೇಣವನ್ನು ಕುಸುಬೆ ಎಣ್ಣೆಯಲ್ಲಿ ಕರಗಿಸಿ, ಚಿಟಿಕೆ ಅರಿಶಿನ ಹಾಕಿ, ಆರಿದ ಮೇಲೆ ಬಿರುಕಿನೊಳಕ್ಕೆ ತುಂಬಿ ಕಾಲು ನೆಲಕ್ಕೆ ತಾಗಿಸದೆ ಕೂರಬೇಕು. ಅತ್ತೆ ಬಟ್ಟಲನ್ನು ನನ್ನ ಪಕ್ಕದಲ್ಲಿಟ್ಟು, "ಹಚ್ಕೊಂಡು ಕುಂದ್ರು" ಎಂದು ಹೇಳಿ ಹೊರಟುಬಿಡುತ್ತಿದ್ದರು. ಕೂರುವುದೇ ಕಷ್ಟ. ಹೊಸ ಸೊಸೆ ಹಾಡುಹಗಲೇ ಕಾಲು ಚಾಚಿ ಕೂತರೆ ಓಣಿಗೆಲ್ಲ ಸುದ್ದಿ. ಎರಡು ದಿನ ಹಚ್ಚಿದರೆ ನಾಲ್ಕು ದಿನ ಬಿಡುತ್ತಿದ್ದೆ.

ಮುಂದಿನ ಚಳಿಗಾಲಕ್ಕೆ ನಾನು ಏಳು ತಿಂಗಳ ಬಸುರಿ. ಹಿಮ್ಮಡಿ ಮತ್ತೆ ಸೀಳಿತ್ತು. ಈ ಸಲ ಬಗ್ಗಿ ಹಚ್ಚಿಕೊಳ್ಳೋಣವೆಂದರೆ ಹೊಟ್ಟೆ ಅಡ್ಡ, ಕೈ ಹಿಮ್ಮಡಿಗೆ ಎಟುಕದು. ಮನೆಯವರಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳುವುದಂತೂ ದೂರದ ಮಾತು. ಹಿರಿಯರು ಕಿರಿಯರ ಕಾಲು ಮುಟ್ಟಿದರೆ ಕಿರಿಯರ ಆಯುಷ್ಯ ಇಳಿಯುತ್ತದೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಒಂದು ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ್ದೆ. ಹಿಮ್ಮಡಿಗೆ ಬೆಚ್ಚಗೆ ಏನೋ ತಾಗಿದ ಹಾಗಾಗಿ ಎಚ್ಚರವಾಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ದನಿ ಕೇಳಿತು. ಮೊರ ಕೇಳಲು ಬಂದಿದ್ದ ನೆರೆಮನೆಯ ಇಬ್ಬರು ಹೆಂಗಸರು ಅಲ್ಲಿ ನಿಂತಿದ್ದರು.

"ಯಕ್ಕಾ! ಸೊಸಿ ಕಾಲು ಮುಟ್ಟಿದ್ಯಲ್ಲ ನೀನು! ಅದೂ ಬಸರಿ ಹೆಂಗಸಿಂದು!"

ಗಡಬಡಿಸಿ ಎದ್ದೆ. ಕಾಲ ಬುಡದಲ್ಲಿ ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಪಕ್ಕದಲ್ಲಿ ಮೇಣದ ಬಟ್ಟಲು. ಹೆದರಿಕೆಗೋ, ಒಂದೂವರೆ ವರ್ಷ ಒಳಗಿಟ್ಟುಕೊಂಡಿದ್ದ ಸಿಟ್ಟಿಗೋ, ಕಾಲು ಎಳೆದುಕೊಂಡು ಕೂಗಿದೆ: "ಚಪ್ಲಿ ಬಿಡ್ಸಿದ್ದು ಸಾಲಲಿಲ್ಲೇನ್ರಿ ನಿಮಗ? ಈಗ ನನ್ನ ಆಯುಷ್ಯಕ್ಕೂ ಬಂದ್ರೇನು?"

ಮಾತು ಮುಗಿದ ಮೇಲೆ ಅವರ ಬಲಗೈ ನೋಡಿದೆ. ಬೆರಳುಗಳಿಗೆಲ್ಲ ಹಳೇ ಸೀರೆಯ ಅರಿವೆ ಒತ್ತಾಗಿ ಸುತ್ತಿಕೊಂಡಿದ್ದರು. ಮೇಣವೆಲ್ಲ ಆ ಅರಿವೆಗೆ ಹತ್ತಿತ್ತು. ಅವರ ಚರ್ಮ ನನ್ನ ಚರ್ಮಕ್ಕೆ ತಾಗಿರಲೇ ಇಲ್ಲ. ಬಾಗಿಲಲ್ಲಿದ್ದವರಿಗೆ ಅದು ಕಾಣುವಂತಿರಲಿಲ್ಲ, ನನಗೆ ಮಾತ್ರ ಕಂಡಿತು. "ಇಲ್ರಿ, ಅರಿವಿ ಸುತ್ಯಾರ ನೋಡ್ರಿ" ಎಂದು ಒಂದು ಮಾತು ನಾನು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಕೂಗಾಡಿದ್ದು ಸುಮ್ಮನೆ ಎಂದಾಗುತ್ತಿತ್ತಲ್ಲ. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಬಟ್ಟಲೆತ್ತಿಕೊಂಡು ಒಳಗೆ ಹೋದರು.

ಮಾರನೇ ವಾರ ಮನೆಯವರು ಕೊಟ್ಟೂರಿನಿಂದ ನನಗೆ ಹೊಸ ಚಪ್ಪಲಿ ತಂದರು. ತರಲು ಹೇಳಿದ್ದು ಅತ್ತೆಯೇ. "ಹಾಕ್ಕೊಂಡು ಅಡ್ಡಾಡು, ಯಾರರ ಕೇಳಿದ್ರ ನಾನ ಹೇಳೀನಿ ಅನ್ನು" ಅಂದರು. ನಾಚಿಕೆಯಾಗಬೇಕಿತ್ತು ನನಗೆ. ಗೆದ್ದೆ ಎಂದುಕೊಂಡೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಆ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಹಾಕುತ್ತಿದ್ದವರು ಅತ್ತೆ; ಎರೆಯುವ ಕೂಸಿನ ಕಾಲಿಗೆ ಆ ನೇಮವಿಲ್ಲ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರೆರೆದರೆ ಎಂಥ ರಚ್ಚೆಯ ಕೂಸೂ ನಿದ್ದೆಗೆ ಜಾರಬೇಕು. ಬಸುರಿಯ ಕಾಲು ಮುಟ್ಟಿದ ಕೈ ಎಂಬ ಸುದ್ದಿ ಹಬ್ಬಿದ ಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ, ಕರೆಯಲಿಲ್ಲ ಅಷ್ಟೇ. ನಾನು ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಬಂದಾಗ, ಅತ್ತೆ ಹಂಡೆಯಲ್ಲಿ ನೀರು ಕಾಯಿಸಿಟ್ಟು, ಬೇರೆ ಓಣಿಯ ಮುದುಕಿಯೊಬ್ಬರನ್ನು ಕರೆತಂದರು. ತಾವು ಬಚ್ಚಲ ಹೊರಗೆ ಟವೆಲ್ ಹಿಡಿದು ನಿಂತರು. ಸ್ವಂತ ಮೊಮ್ಮಗಳ ಕಾಲಿಗೆ ಅವರು ಒಂದು ದಿನವೂ ಎಣ್ಣೆ ಹಚ್ಚಲಿಲ್ಲ. "ನೀವ ಎರೀರಿ ಅತ್ತಿ" ಎನ್ನುವ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಅರಿವೆಯ ಮಾತೂ ಹೇಳಬೇಕಾಗುತ್ತದೆ ಎಂದು ನುಂಗಿಕೊಂಡೆ. ಮಗಳು ನಡೆಯಲು ಕಲಿತಳು, ಶಾಲೆಗೂ ಹೋದಳು.

ಹತ್ತು ಹನ್ನೆರಡು ವರ್ಷಗಳಾದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಜೀವಮಾನವಿಡೀ ಬರಿಗಾಲಲ್ಲಿ ನಡೆದ ಅವರ ಹಿಮ್ಮಡಿಗಳು ಆಳವಾಗಿ ಒಡೆದಿದ್ದವು. ದಿನಾ ಉಪ್ಪುನೀರಲ್ಲಿ ನೆನೆಸಿ, ಒರೆಸಿ, ಮೇಣ ತುಂಬುತ್ತಿದ್ದೆ. ಸೊಸೆ ಅತ್ತೆಯ ಕಾಲು ಮುಟ್ಟಲು ಯಾವ ಅಡ್ಡಿಯೂ ಇಲ್ಲವಲ್ಲ, ಬರಿಗೈಯಲ್ಲೇ ಹಚ್ಚುತ್ತಿದ್ದೆ.

ಒಂದು ಬೆಳಿಗ್ಗೆ ಹಚ್ಚುತ್ತಿರುವಾಗ ಅವರಾಗಿಯೇ ಮಾತು ತೆಗೆದರು.

"ಯವ್ವಾ, ಅವತ್ತು ನಾ ನಿನ್ನ ಕಾಲು ಮುಟ್ಟಿರ್ಲಿಲ್ಲ. ಬೆರಳಿಗೆ ಅರಿವಿ ಸುತ್ಕೊಂಡಿದ್ದೆ."

ನನ್ನ ಕೈ ನಿಂತಿತು. "ಮತ್ತ ಅವಾಗ ಯಾಕ ಹೇಳ್ಲಿಲ್ರಿ ಅತ್ತಿ?" ಎಂದು ಕೇಳಿದೆ. ಕೇಳಲು ಬಾಯಾದರೂ ಹೇಗೆ ಬಂತೋ!

"ಮಂದಿ ಮುಂದ ನಿನ್ನ ಮಾತು ಸುಳ್ಳು ಮಾಡ್ಲೇನು? ಹೊಸದಾಗಿ ಬಂದ ಹುಡುಗಿ." ಮತ್ತೆ ಅಂದರು: "ನೀ ನೋಡಿರ್ಲಿಲ್ಲ. ನೋಡಿದ್ರ ಅವತ್ತ ಅವ್ರಿಗೆ ಹೇಳ್ತಿದ್ದಿ. ನನಗ ಗೊತ್ತೈತಿ."

ನೋಡಿದ್ದೆ ಎಂದು ಹೇಳಿ ಆ ಕಾಲಿನ ಮೇಲೆ ಹಣೆಯಿಟ್ಟು ಅತ್ತುಬಿಡಬೇಕಿತ್ತು. ಬದಲಿಗೆ ತಲೆ ತಗ್ಗಿಸಿ, "ಹೂನ್ರಿ ಅತ್ತಿ, ನೋಡಿರ್ಲಿಲ್ಲ" ಅಂದೆ.

"ಅದ ಮತ್ತ" ಎಂದು ಅತ್ತೆ ಸಮಾಧಾನದಿಂದ ಇನ್ನೊಂದು ಕಾಲನ್ನು ನನ್ನ ಮುಂದೆ ಚಾಚಿದರು.