ನೆಲನೆಲ್ಲಿಯ ರಸ ಕುಡಿಸಿದ ದಿನಗಳು

ನನ್ನ ಗಂಡನ ಕಣ್ಣು ಹಳದಿಯಾಗಿದ್ದನ್ನು ಮೊದಲು ಕಂಡವಳು ನಾನೇ. ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಹೊಳೆ ನಡುವಿನ ಮಾವಿನಕುರ್ವೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವರು ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರು. ಒಂದು ವಾರದಿಂದ ಊಟ ಸೇರುತ್ತಿರಲಿಲ್ಲ, ಮೀನು ಬೇಯುವ ವಾಸನೆಗೇ ಎದ್ದು ಹೊರಗೆ ಹೋಗುತ್ತಿದ್ದರು. ಆ ಬೆಳಿಗ್ಗೆ ಅಂಗಳದಲ್ಲಿ ಬಲೆ ಹರಡುತ್ತಿದ್ದವರು ತಲೆಯೆತ್ತಿದಾಗ, ಕಣ್ಣಿನ ಬಿಳಿ ಅರಿಸಿನ ಹಚ್ಚಿದ ಹಾಗಿತ್ತು.

ಕಾಮಾಲೆಗೆ ಔಷಧ ಕೊಡುವ ಅಜ್ಜಿಯೊಬ್ಬರು ಹೊಳೆಯಾಚೆ ಇದ್ದರು. ನೆಲನೆಲ್ಲಿಯನ್ನು ಬೇರುಸಮೇತ ಕಿತ್ತು ಅರೆದು, ಹಿಂಡಿದ ರಸವನ್ನು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದರು.

“ಮೂರು ಬೆಳಿಗ್ಗೆ, ಬರಿಹೊಟ್ಟೆಗೆ, ಮಕ್ಕಳಿಗೆ ಕುಡ್ಸೂ ಒಳಲೆಯಲ್ಲಿ ಒಂದೊಂದು. ಹೆಚ್ಚು ಬೇಡ. ಬೇರೆ ಮದ್ದು ಎಂತದೂ ಬೇಡ” ಎಂದರು. ಅತ್ತೆ ತಲೆಯಾಡಿಸಿದರು.

ಮೂರು ದಿನ ಕಳೆದರೂ ಹಳದಿ ಇಳಿಯಲಿಲ್ಲ. ಐದನೆಯ ದಿನ ಮುಖ ಊದಿತು, ಪಾದ ಊದಿತು. ಅವರು ನಾಚಿಕೆ ಬಿಟ್ಟು ನನ್ನ ಹತ್ತಿರ ಹೇಳಿದರು, “ನಿನ್ನೆಯಿಂದ ಒಂದಕ್ಕೇ ಹೋಗ್ಲಿಲ್ಲ.”

ಅತ್ತೆಗೆ ಹೇಳಿದೆ. “ಮದ್ದು ಹಿಡಿತಾ ಅದೆ, ಎರಡು ದಿನ ತಡಿ” ಎಂದರು. ಆದರೆ ನನ್ನ ಮುಖ ನೋಡಿ ಹೇಳಲಿಲ್ಲ. ನೀರಿಗೆ ಹೋಗುತ್ತೇನೆಂದು ಕೊಡ ಹಿಡಿದು ಹೊರಟವಳು, ಕೊಡವನ್ನು ದಂಡೆಯಲ್ಲೇ ಇಟ್ಟು ಅಜ್ಜಿಯನ್ನು ಕರೆತರಲು ದೋಣಿ ಹತ್ತಿದೆ. ಅತ್ತೆಯ ಮಾತು ಮೀರಿದ್ದು ಅದೇ ಮೊದಲು.

ಅಜ್ಜಿ ಬಂದು ನನ್ನ ಗಂಡನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

“ನಾ ಕೊಟ್ಟದ್ದು ಬಿಟ್ಟು ಬೇರೆ ಎಂತ ಕುಡ್ಸಿದ್ರಿ?”

“ಎಂತದೂ ಇಲ್ಲ” ಎಂದರು ಅತ್ತೆ.

ಅಜ್ಜಿ ಎದ್ದು ನಿಂತರು. “ನನ್ನ ಸೊಪ್ಪು ಕಾಮಾಲೆಗೆ. ಇದು ನನ್ನ ಕೈಯಲ್ಲಿ ಆಗೂದಲ್ಲ. ಈಗ್ಲೇ ಹೊನ್ನಾವರದ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ನಾನೂ ಬರ್ತೆ.”

ದೋಣಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ಹೊಳೆಗೆ ಬರುವಾಗ ಮಾತು ತೊದಲತೊಡಗಿತು.

ಡಾಕ್ಟರು ಪರೀಕ್ಷೆ ಮಾಡಿ, “ಲಿವರ್ ಒಂದೇ ಆಗಿದ್ರೆ ಇಷ್ಟು ಹೆದರ್ತಿರಲಿಲ್ಲ. ಕಿಡ್ನಿಗೂ ಪೆಟ್ಟು ಬಿದ್ದಿದೆ. ಏನೇನು ಕೊಟ್ಟಿದ್ದೀರಿ, ಮುಚ್ಚಿಡದೆ ಹೇಳಿ” ಎಂದರು. ಅಜ್ಜಿ ತನ್ನ ಚೀಲದಿಂದ ನೆಲನೆಲ್ಲಿಯ ಗಿಡ ತೆಗೆದು ಮೇಜಿನ ಮೇಲಿಟ್ಟು, ಅಳತೆ ಹೇಳಿದರು. ಆಗ ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿ ಕಪ್ಪು ಬೇರಿನ ತುಂಡೊಂದನ್ನು ಮುಂದಿಟ್ಟರು.

“ಭಟ್ಕಳದ ಸಂತೆಯಲ್ಲಿ ಒಬ್ಬ ಕೊಟ್ಟಿದ್ದ. ಬೇಗ ಇಳಿತದೆ ಅಂದ. ಕಷಾಯ ಮಾಡಿ ದಿನಾ ಮೂರು ಹೊತ್ತು ಕುಡ್ಸಿದೆ.”

ಆ ಬೇರು ಯಾವುದೆಂದು ಡಾಕ್ಟರಿಗಾಗಲಿ ಅಜ್ಜಿಗಾಗಲಿ ಗೊತ್ತಾಗಲಿಲ್ಲ.

ಡಾಕ್ಟರು ಅವರನ್ನು ಅಲ್ಲೇ ಉಳಿಸಿಕೊಂಡು, ನನ್ನ ಕೈಗೆ ಗೆರೆ ಹಾಕಿದ ಶೀಶೆ ಕೊಟ್ಟರು. ಮೂತ್ರ ಎಷ್ಟು ಬರುತ್ತದೆಂದು ಅದರಲ್ಲಿ ಹಿಡಿದು ತೋರಿಸಬೇಕು. ಕುಡಿಯುವ ನೀರೂ ಅಳತೆಯಲ್ಲೇ. ಅವರು ಬಾಯಾರಿ ನನ್ನ ಕೈ ಹಿಡಿದು ಬೇಡುತ್ತಿದ್ದರು, ನಾನು ಇಲ್ಲ ಎನ್ನುತ್ತಿದ್ದೆ. ಎರಡು ದಿನ ಶೀಶೆಯ ತಳ ಮುಚ್ಚುವಷ್ಟೇ ಬಂತು, ಚಹಾ ಕಷಾಯದ ಬಣ್ಣ. ಮೂರನೆಯ ಮಧ್ಯಾಹ್ನ ಎರಡನೇ ಗೆರೆ ಮುಟ್ಟಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರ ಬಳಿ ಓಡಿದೆ. ಅವರು ಬೆಳಕಿಗೆ ಹಿಡಿದು ನೋಡಿ, “ಆತು, ಇನ್ನು ಉಳೀತಾನೆ” ಎಂದರು.

ಬೇರು ಕೆಡಿಸಿತೋ, ಕಾಯಿಲೆಯೇ ಅಷ್ಟು ಜೋರಿತ್ತೋ ಎಂದು ಕೇಳಿದೆ. ಖಂಡಿತವಾಗಿ ಹೇಳಲಾರೆ ಎಂದರು.

ಎರಡು ತಿಂಗಳು ಉಪ್ಪಿಲ್ಲದ ಗಂಜಿ ಕುಡಿದು ಅವರು ಎದ್ದರು, ಮತ್ತೆ ಕಡಲಿಗಿಳಿದದ್ದು ಮರುವರ್ಷವೇ. ಅತ್ತೆ ಆ ಎರಡು ತಿಂಗಳೂ ತಮ್ಮ ಗಂಜಿಗೆ ಉಪ್ಪು ಹಾಕಿಕೊಳ್ಳಲಿಲ್ಲ. ಅವರ ಮೇಲಿನ ಸಿಟ್ಟು ಮಾತ್ರ ನನಗೆ ಬಹಳ ವರ್ಷ ಇತ್ತು.