ಲಾರಿಗೆ ಹತ್ತದ ಟ್ರಂಕು

ನಾನು ಕಣ್ಣಾರೆ ಕಾಣದ ಒಂದು ಊರಿಗೆ ಕಳೆದ ವರ್ಷ ಹೊರಟ ಸಾಮಾನಿನ ಪಟ್ಟಿ ನನಗೆ ಈಗಲೂ ಬಾಯಿಪಾಠ. ಹಿಟ್ಟಿನ ಚೀಲ, ಹಾಲಿನ ಪುಡಿ, ಶಾಲೆಯ ಕಿಟಕಿಗೆ ಗಾಜು, ಹಿಮದ ಮೇಲೆ ಓಡುವ ಬೈಕಿನ ಬೆಲ್ಟು, ಮಗುವಿನ ತೊಟ್ಟಿಲು ಒಂದು. ಪೆಟ್ಟಿಗೆ, ಕಟ್ಟು, ಚೀಲ ಎಲ್ಲ ಸೇರಿ 412.

ಆ ಊರು ಕೆನಡಾದ ಉತ್ತರ ತುದಿಯಲ್ಲಿದೆ. ಅಲ್ಲಿಗೆ ರಸ್ತೆಯಿಲ್ಲ, ರೈಲಿಲ್ಲ. ಸಣ್ಣ ವಿಮಾನವೊಂದು ಕಾಗದಪತ್ರ, ಔಷಧಿ, ತರಕಾರಿ ಒಯ್ಯುತ್ತದೆ. ಭಾರದ ಸಾಮಾನೆಲ್ಲ ಹಡಗಿನಲ್ಲೇ ಹೋಗಬೇಕು, ಅದೂ ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಕರಗಿದಾಗ, ವರ್ಷಕ್ಕೆ ಒಂದೇ ಸಲ. ಅಲ್ಲಿ ಬಂದರು ಕಟ್ಟೆ ಇಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ, ಉಬ್ಬರದ ಹೊತ್ತು ನೋಡಿ, ಚಪ್ಪಟೆ ದೋಣಿಗಳಲ್ಲಿ ಸಾಮಾನನ್ನು ದಡಕ್ಕೆ ಮುಟ್ಟಿಸುತ್ತದೆ. ಆ ಹಡಗಿನ ಸಾಮಾನು ಪಟ್ಟಿಗಳನ್ನು ಸಿದ್ಧಪಡಿಸುವುದು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ನಮ್ಮ ಕಚೇರಿ. ಮೂರನೆಯ ಮಹಡಿ, ಹನ್ನೊಂದು ಮೇಜು, ಕೆಳಗೆ ಕಡಲೆಹಿಟ್ಟಿನ ಕುರುಕಲು ಫಾಫಡಾ ಮಾರುವ ಅಂಗಡಿ. ಕೆಲಸದವರಲ್ಲಿ ಮಂಜುಗಡ್ಡೆಯ ಸಮುದ್ರ ನೋಡಿದವರು ಸೊನ್ನೆ.

ನನಗೆ ಪಟ್ಟಿಯ ಹುಚ್ಚು ಹತ್ತಿದ್ದು ಸೂರತ್‌ನಲ್ಲಿ. ಅಪ್ಪ ಬ್ಯಾಂಕಿನವರು. ಹುಬ್ಬಳ್ಳಿಯಿಂದ ಸೂರತ್‌ಗೆ ವರ್ಗವಾದಾಗ ನನಗೆ ಹತ್ತು ವರ್ಷ. ಸಾಮಾನನ್ನೆಲ್ಲ ಲಾರಿಗೆ ಹಾಕಿ, ಕೈಯಲ್ಲಿ ಒಂದು ನೀರಿನ ಬಾಟಲಿ ಹಿಡಿದು ನಾವು ರೈಲಿನಲ್ಲಿ ಬಂದೆವು. ಲಾರಿ ದಾರಿಯಲ್ಲಿ ಕೆಟ್ಟು ನಿಂತು ಆರು ದಿನ ತಡವಾಯಿತು. ಸಚಿನ್ ಎಂಬ ಬಡಾವಣೆಯ ಕಾರ್ಖಾನೆಗಳ ಹತ್ತಿರದ ಆ ಖಾಲಿ ಮನೆಯಲ್ಲಿ ಪೇಪರು ಹಾಸಿ ಮಲಗಿದೆವು. ಎದುರುಮನೆಯ ಗುಜರಾತಿ ಅಜ್ಜಿ ಕಳಿಸಿದ ಖಿಚಡಿ ಒಂಬತ್ತು ಊಟ ಎಂದು ನನ್ನ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿದೆ. ನಾನು ಬರೆದ ಮೊದಲ ಲೆಕ್ಕ ಅದು.

ಲಾರಿ ಬಂದ ದಿನವೇ ಅವ್ವ ಒಂದು ನಿಯಮ ಮಾಡಿದಳು. ಇನ್ನು ಮುಂದೆ ಎಲ್ಲಿಗೆ ವರ್ಗವಾದರೂ ಒಂದು ಟ್ರಂಕು ಲಾರಿಗೆ ಹತ್ತುವುದಿಲ್ಲ, ರೈಲಿನಲ್ಲಿ ತನ್ನ ಸೀಟಿನ ಕೆಳಗೇ ಬರುತ್ತದೆ. ಆ ಟ್ರಂಕಿಗೆ ಅವಳಿಟ್ಟ ಹೆಸರು ‘ಜೊತಿ ಟ್ರಂಕು’. ವಡೋದರಾಕ್ಕೆ ವರ್ಗವಾದಾಗ ಅದರಲ್ಲಿ ಹದಿನೇಳು ಸಾಮಾನು ಇದ್ದವು. ಪಟ್ಟಿ ನನ್ನದೇ.

ಈಗ ಅಪ್ಪ ಅವ್ವ ವಡೋದರಾದ ಮಂಜಲ್‌ಪುರದಲ್ಲಿದ್ದಾರೆ. ನಾನು ಅಹಮದಾಬಾದಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಎರಡು ವಾರಕ್ಕೊಮ್ಮೆ ರೈಲು ಹತ್ತಿ ಮನೆಗೆ ಹೋಗಿ ಬರುತ್ತೇನೆ.

ಕಳೆದ ಜುಲೈ 3ರ ನನ್ನ ದಿನಚರಿ ಪುಟ ಹೀಗೆ ಶುರುವಾಗುತ್ತದೆ: ‘ಹಡಗಿನ ದಾರಿಯಲ್ಲಿ ಐದು ಊರು, ನಮ್ಮದು ನಾಲ್ಕನೆಯದು. ಮಂಜುಗಡ್ಡೆ ತಡವಾಗಿ ಕರಗುತ್ತಿದೆಯಂತೆ.’ ಆ ಸಂಜೆ ಊರಿನ ಕಚೇರಿಯ ಹೆಂಗಸು ಫೋನಿಗೆ ಬಂದಿದ್ದಳು. ಊರವರ ಆರ್ಡರುಗಳನ್ನೆಲ್ಲ ಒಟ್ಟುಮಾಡಿ ನಮಗೆ ಕಳಿಸುವವಳು ಅವಳೇ. ನಮಗೆ ಸಂಜೆ ಏಳಾದರೆ ಅವಳಿಗೆ ಬೆಳಗಿನ ಚಹಾದ ಹೊತ್ತು. ಪಟ್ಟಿ ಓದಿ ಮುಗಿಸಿ ನಾನೊಂದು ಪ್ರಶ್ನೆ ಕೇಳಿದೆ. ಅದನ್ನು ಕಚೇರಿಯಲ್ಲಿ ಯಾರೂ ನನಗೆ ಕಲಿಸಿರಲಿಲ್ಲ.

“ಈ 412ರಲ್ಲಿ ಒಂದನ್ನು ಮಾತ್ರ ನಿಮ್ಮ ಸೀಟಿನ ಕೆಳಗೆ ಇಟ್ಟುಕೊಂಡು ಬರಬಹುದು ಅಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ?”

ಹಾಲಿನ ಪುಡಿ ಎನ್ನುತ್ತಾಳೆ ಎಂದು ಪೆನ್ಸಿಲ್ ಹಿಡಿದು ಕೂತಿದ್ದೆ.

“ನೀರಿನ ಲಾರಿಯ ಪಂಪು,” ಎಂದಳು, ತಡವಿಲ್ಲದೆ.

ಅಲ್ಲಿ ನೆಲದಡಿ ಕೊಳವೆ ಹಾಕಿದರೆ ನೀರು ಹೆಪ್ಪುಗಟ್ಟಿ ಅದು ಒಡೆಯುತ್ತದೆ. ಲಾರಿಯೇ ಮನೆಮನೆಗೆ ಹೋಗಿ ತೊಟ್ಟಿ ತುಂಬಿಸುತ್ತದೆ. ಊರಿಗೆ ಎರಡು ಲಾರಿ. ಒಂದರ ಪಂಪು ಮಾರ್ಚಿನಲ್ಲಿ ಸತ್ತಿತ್ತು, ಇನ್ನೊಂದು ತೇಪೆಯ ಮೇಲೆ ಓಡುತ್ತಿತ್ತು. ಅದೂ ನಿಂತರೆ ಚಳಿಗಾಲವಿಡೀ ಕೆರೆಯ ಮಂಜುಗಡ್ಡೆ ಒಡೆದು ಕೊಡದಲ್ಲಿ ಹೊರಬೇಕು. ಹೊಸ ಪಂಪಿನ ಪೆಟ್ಟಿಗೆ ಆ ಸಣ್ಣ ವಿಮಾನದ ಬಾಗಿಲಲ್ಲಿ ಹಿಡಿಸುವುದಿಲ್ಲ. ಹಡಗಿನಲ್ಲಿ ಬರಬೇಕು, ಇಲ್ಲವೇ ಒಂದು ವರ್ಷ ಕಾಯಬೇಕು.

ಪಟ್ಟಿಯಲ್ಲಿ ಅದರ ಸಂಖ್ಯೆ 287. ಅದಕ್ಕೆ ಗೊತ್ತುಮಾಡಿದ ಜಾಗ ಹಡಗಿನ ಹೊಟ್ಟೆಯ ತೀರ ಕೆಳಗಿನ ಒಂದು ಕಂಟೇನರು. ಎಲ್ಲ ಸಾಮಾನು ಇಳಿಯುವಷ್ಟು ಪುರುಸೊತ್ತು ಸಿಕ್ಕರೆ ಪಂಪೂ ಇಳಿಯುತ್ತದೆ. ಮಂಜುಗಡ್ಡೆ ಒತ್ತಿ ಬಂದು ಹಡಗು ಬೇಗ ಹೊರಟರೆ ಅದೂ ಹಡಗಿನ ಜೊತೆಗೇ ಹೊರಡುತ್ತದೆ.

ಮರುದಿನ ನಮ್ಮ ಮುಖ್ಯಸ್ಥರ ಮೇಜಿಗೆ ಹೋಗಿ, 287ನ್ನು ಡೆಕ್ಕಿನ ಮೇಲೆ, ಮೊದಲ ದೋಣಿಗೆ ಸಿಗುವ ಹಾಗೆ ಇಡಲು ಸಾಮಾನು ತುಂಬುವ ಬಂದರಿಗೆ ಬರೆಯೋಣ ಎಂದೆ. ಅವರು ಸೂರತ್‌ನವರು, ಬೆರಳಿಗೆ ಸದಾ ಪೆನ್ನಿನ ಶಾಯಿ.

“ಅರೇ ಬೇನ್, ಎಲ್ಲ ಊರಿನವರೂ ಹೀಗೇ ಕೇಳಿದರೆ ಹಡಗಿಗೆ ಹೊಟ್ಟೆಯೇ ಇರಲ್ಲ, ಬರೀ ಡೆಕ್ಕೇ!”

“ಎಲ್ಲ ಅಲ್ಲ ಭಾಯ್. ಊರಿಗೆ ಒಂದೇ.”

“ಒಂದೇ ಅಂತ ಹೇಳಿ ಮದುವೆಗೆ ಹತ್ತು ಜನ ಬರ್ತಾರೆ.”

“ಐದು ಊರು, ಐದು ಸಾಮಾನು. ನಾನೇ ಕೇಳಿ ಬರೆದುಕೊಳ್ಳುತ್ತೇನೆ.”

ಅವರು ನಕ್ಕು, “ಚಾಲೋ, ಕೇಳು. ಬೈಗುಳ ಬಂದರೆ ಅದನ್ನೂ ಬರೆದುಕೋ,” ಎಂದರು.

ಬೈಗುಳ ಬರಲಿಲ್ಲ. ಐದರಲ್ಲಿ ನಾಲ್ಕು ಊರು ಉತ್ತರಿಸಿದವು, ಬಂದರಿನವರು ಮೂರಕ್ಕೆ ಒಪ್ಪಿದರು. ಒಪ್ಪದ್ದು ಅರವತ್ತು ಬೆಂಚು ಕೇಳಿದ ಊರಿಗೆ. ಅರವತ್ತನ್ನು ಒಂದು ಎಂದು ಎಣಿಸಲು ನನಗೂ ಆಗಲಿಲ್ಲ. ಪಂಪು ಡೆಕ್ಕಿಗೆ ಬಂತು. ಬೇರೆ ಬದಲಾವಣೆಯಿದ್ದರೆ ಜುಲೈ 8ರ ಸಂಜೆಯೊಳಗೆ ತಿಳಿಸಿ, ಆಮೇಲೆ ಹಡಗಿನ ಹೊಟ್ಟೆ ಮುಚ್ಚುತ್ತೇವೆ ಎಂದು ಬರೆದಿದ್ದರು. ನಾನು 287ರ ಮುಂದೆ ಹಸಿರು ಗುರುತು ಹಾಕಿ ಜುಲೈ 6ರಂದು ಮಂಜಲ್‌ಪುರಕ್ಕೆ ಹೋದೆ.

ಊಟಕ್ಕೆ ಕೂತಾಗ ಈ ಕಥೆಯನ್ನೆಲ್ಲ ಸ್ವಲ್ಪ ಜಂಬದಿಂದಲೇ ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಭೇಷ್, ತಂಗಿ! ನಿಮ್ಮವ್ವನ ಟ್ರಂಕು ಕೆನಡಾಕ್ಕ ಹೊಂಟತು ನೋಡು,” ಎಂದರು.

ಅವ್ವ ನಗಲಿಲ್ಲ. ನನ್ನ ತಟ್ಟೆಗೆ ಪಲ್ಯ ಹಾಕುತ್ತ, “ಅಲ್ಲವಾ, ಆ ಟ್ರಂಕಿನಾಗ ಕುಕ್ಕರ್ ಇತ್ತಲ್ಲ, ಅದರ ರಬ್ಬರ್ ಎಲ್ಲಿತ್ತು ನೆನಪೈತೇನು?” ಎಂದಳು.

ನೆನಪಿತ್ತು. ಲಾರಿಯಲ್ಲಿತ್ತು. ವಡೋದರಾಕ್ಕೆ ಬಂದ ದಿನ ಲಾರಿ ಮತ್ತೆ ಒಂದು ದಿನ ತಡವಾಗಿತ್ತು. ಟ್ರಂಕು ತೆಗೆದು ಕುಕ್ಕರ್ ಒಲೆಗಿಟ್ಟರೆ ಮುಚ್ಚಳಕ್ಕೆ ರಬ್ಬರಿಲ್ಲ. ಅವ್ವ ಮೇಲೊಂದು ತಟ್ಟೆ ಮುಚ್ಚಿ ಒಂದೂವರೆ ತಾಸು ಬೇಳೆ ಬೇಯಿಸಿದ್ದಳು, ಆದರೂ ಅದು ಹಲ್ಲಿಗೆ ಸಿಗುತ್ತಿತ್ತು. ನನ್ನ ಪಟ್ಟಿಯಲ್ಲಿ ‘ಕುಕ್ಕರ್ 1’ ಎಂದಿತ್ತು, ಮುಂದೆ ಗುರುತೂ ಇತ್ತು. ಲೆಕ್ಕ ತಪ್ಪಿರಲಿಲ್ಲ. ಬೇಳೆ ಮಾತ್ರ ಬೆಂದಿರಲಿಲ್ಲ.

“ಪಟ್ಟಿ ಬರದಾಕಿ ನೀನ ಅಲ್ಲೇನು?” ಎಂದು ಅವ್ವ ಇನ್ನೊಮ್ಮೆ ಚುಚ್ಚಿದಳು.

“ಹತ್ತು ಹನ್ನೆರಡು ವರ್ಷದ ಹುಡುಗಿಗೆ ರಬ್ಬರ್ ಏನ ಗೊತ್ತಿರ್ತದ, ಬಿಡ,” ಎಂದು ಅಪ್ಪ ನನ್ನ ಪರ ನಿಂತರು.

“ಈಗ ಸಣ್ಣಾಕಿ ಏನು? ಪಂಪಿಗೆ ರಬ್ಬರ್ ಇರ್ತದೋ ಇಲ್ಲೋ ಕೇಳ್ಯಾಳೇನು?”

ಕೇಳಿರಲಿಲ್ಲ. ಊಟ ಮುಗಿಸಿ ಲ್ಯಾಪ್‌ಟಾಪು ತೆಗೆದು 412 ಸಾಲುಗಳನ್ನೂ ಒಂದೊಂದಾಗಿ ಓದಿದೆ. 287 ಪಂಪು. 288ರಿಂದ 305ರವರೆಗೆ ಬಣ್ಣ, ಮೊಳೆ, ಹಲಗೆ. 306ರಲ್ಲಿ ‘ಜೋಡಣೆ ಸಾಮಾನು, ಪೆಟ್ಟಿಗೆ 1’ ಎಂದಷ್ಟೇ ಇತ್ತು. ಯಾವುದರ ಜೋಡಣೆ ಎಂದಿರಲಿಲ್ಲ. ಬೇರೆ ವ್ಯಾಪಾರಿಯಿಂದ ಬಂದದ್ದು, ಆದ್ದರಿಂದ ಬೇರೆ ಕಂಟೇನರು. ಅದರ ಜಾಗವೂ ಹಡಗಿನ ಹೊಟ್ಟೆಯ ತಳದಲ್ಲೇ.

ಜುಲೈ 7ರ ಸಂಜೆ ಕಚೇರಿಗೆ ಮರಳಿ ಆ ಹೆಂಗಸಿಗೆ ಫೋನು ಮಾಡಿ, 306 ಏನು ಎಂದು ಕೇಳಿದೆ. ಅವಳು ಪಕ್ಕದ ಕೋಣೆಗೆ ಹೋಗಿ ಲಾರಿ ಓಡಿಸುವವನನ್ನು ಕರೆತಂದಳು. ಅವನು ಹೇಳಿದ:

“ಅದು ಪಂಪನ್ನು ಲಾರಿಗೆ ಕೂರಿಸುವ ಚೌಕಟ್ಟು, ಪೈಪಿನ ಕೊರಳು. ಅದಿಲ್ಲದಿದ್ದರೆ ಪಂಪನ್ನು ಮನೆ ಮುಂದೆ ಅಲಂಕಾರಕ್ಕೆ ಇಡಬೇಕು.”

ಆಮೇಲೆ ಅವನೇ ಕೇಳಿದ, “ಅದು ಎಲ್ಲಿದೆ?”

“ಈಗ ಕೆಳಗಿದೆ. ನಾಳೆ ಮೇಲಿರುತ್ತದೆ,” ಎಂದೆ.

ಹೇಳಿಬಿಟ್ಟ ಮೇಲೆ ಆಗಲೇಬೇಕಲ್ಲ. ಕೂಡಲೇ ಮುಖ್ಯಸ್ಥರ ಮೇಜಿಗೆ ಹೋಗಿ, 306ನ್ನೂ ಡೆಕ್ಕಿಗೆ ತರಬೇಕು ಎಂದೆ. ಅವರು ನನ್ನ ಮುಖ ನೋಡಿ, “ಊರಿಗೆ ಒಂದೇ ಅಂದಿದ್ದೆ, ಬೇನ್,” ಎಂದರು.

“ಒಂದೇ, ಭಾಯ್. ಎರಡು ಪೆಟ್ಟಿಗೆಯಲ್ಲಿದೆ.”

“ಮದುವೆಗೆ ಬಂದೇಬಿಟ್ಟರು ನೋಡು ಇನ್ನೊಬ್ಬರು!” ಎಂದು ಗೊಣಗಿದರೂ ಬಂದರಿಗೆ ತಾವೇ ಫೋನು ಮಾಡಿದರು. ಇಪ್ಪತ್ತೆರಡು ನಿಮಿಷ ಮಾತಾಡಿದರು. ಆ ಕಂಟೇನರನ್ನು ಇನ್ನೂ ಹಡಗಿಗೆ ಏರಿಸಿರಲಿಲ್ಲ. ಜುಲೈ 8ರಂದು 306ನ್ನು ಹೊರತೆಗೆದು, 287ರ ಪಕ್ಕದಲ್ಲಿ ಒಂದೇ ಹಗ್ಗದಲ್ಲಿ ಕಟ್ಟಿದ ಫೋಟೊ ಬಂತು. ಎರಡು ಹಸಿರು ಗುರುತು ಹಾಕಿದೆ.

ಆಗಸ್ಟ್ 19ರಂದು ಹಡಗು ಆ ಊರಿನ ಮುಂದೆ ಲಂಗರು ಹಾಕಿತು. ಗಾಳಿ ತಿರುಗಿ ಮಂಜುಗಡ್ಡೆ ದಡದ ಕಡೆಗೆ ಸರಿಯತೊಡಗಿದ್ದರಿಂದ, ಒಂದೇ ಉಬ್ಬರ, ಅಷ್ಟರಲ್ಲಿ ಇಳಿದದ್ದು ಇಳಿಯಲಿ ಎಂದು ಕ್ಯಾಪ್ಟನ್ ಹೇಳಿದನಂತೆ. ನಾವು ಆ ಸಂಜೆ ಕಚೇರಿಯಲ್ಲಿ ಚಹಾ ಆರಲು ಬಿಟ್ಟು ಪರದೆ ನೋಡುತ್ತ ಕೂತೆವು. ಇಳಿದ ಸಂಖ್ಯೆಗಳು ಒಂದೊಂದಾಗಿ ಬಂದವು. ಮೊದಲ ದೋಣಿಯ ಮೂರನೆಯ ಸಾಲಿನಲ್ಲಿ 287, ನಾಲ್ಕನೆಯದರಲ್ಲಿ 306. ಮುಖ್ಯಸ್ಥರು ಕೆಳಗಿನಿಂದ ಎಲ್ಲರಿಗೂ ಫಾಫಡಾ ತರಿಸಿದರು.

ಇಳಿದದ್ದು 131. ಉಳಿದ 281 ಈ ಬೇಸಿಗೆಗೆ. ಹಾಲಿನ ಪುಡಿಯನ್ನು ವಿಮಾನದಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳಿಸಿದೆವು, ಕಿಟಕಿಗೆ ಗಾಜಿನ ಬದಲು ಹಲಗೆ ಹೊಡೆದು ಚಳಿಗಾಲ ಕಳೆದರಂತೆ. ಆ 281ರಲ್ಲಿ ತೊಟ್ಟಿಲೂ ಇತ್ತು. ಅದನ್ನು ನನ್ನ ಪ್ರಶ್ನೆಗೆ ಯಾರೂ ಉತ್ತರವಾಗಿ ಹೇಳಿರಲಿಲ್ಲ, ಆದರೂ ಅದರ ಮುಂದಿನ ಖಾಲಿ ಜಾಗ ನನ್ನ ಕಣ್ಣಿಗೆ ಚುಚ್ಚುತ್ತದೆ. ಈ ವರ್ಷದ ಪಟ್ಟಿಯಲ್ಲಿ ಪ್ರತಿ ಸಾಮಾನಿನ ಮುಂದೆಯೂ ಹೊಸದೊಂದು ಅಂಕಣ ಹಾಕಿದ್ದೇನೆ: ‘ಇದರ ಜೊತೆಗೆ ಏನು ಬೇಕು?’ ಕಚೇರಿಯಲ್ಲಿ ಅದಕ್ಕೆ ‘ರಬ್ಬರ್ ಕಾಲಂ’ ಎಂಬ ಹೆಸರು ಬಿದ್ದಿದೆ. ಗುಜರಾತಿ ಹುಡುಗರೂ ಹಾಗೇ ಕರೆಯುತ್ತಾರೆ.

ಕಳೆದ ವರ್ಷವೇ, ಸೆಪ್ಟೆಂಬರ್ 2ರಂದು, ಆ ಊರಿನಿಂದ ಒಂದು ಫೋಟೊ ಬಂದಿತ್ತು. ಬಿಳಿ ಲಾರಿ, ಪಕ್ಕದಲ್ಲಿ ಲಾರಿ ಓಡಿಸುವವನು, ಒಂದು ಮನೆಯ ಗೋಡೆಗೆ ಸಿಕ್ಕಿಸಿದ ದಪ್ಪ ಪೈಪು. ಅವ್ವನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಅವಳೇ ಫೋನು ಮಾಡಿದಳು.

“ನೀರು ಬರಾಕತ್ತೇತೇನು?”

“ಬರಾಕತ್ತೇತಿ, ಅವ್ವಾ.”

“ಸೋರೂದಿಲ್ಲಲ್ಲ?”

ಅದನ್ನು ನಾನು ಕೇಳಿರಲಿಲ್ಲ. ಆ ಸಂಜೆ ಕೇಳಿದೆ. ಸೋರುತ್ತಿರಲಿಲ್ಲ.