ಖಾಲಿ ಪೆಟ್ಟಿಗೆಗಳ ಸಿರಿಲ್

ಕುವೈತಿನಲ್ಲಿ ನಮ್ಮಂಥವರಿಗೆ ಎರಡು ಬಗೆಯ ಗುಂಡೂ ನಿಷಿದ್ಧ. ಹಾಗಾಗಿ ಸಿರಿಲ್ ಡಿಮೆಲ್ಲೊ ಗುಂಡಿಗಳನ್ನು ಸಂಗ್ರಹಿಸುತ್ತಾರೆ.

ಹಿಂದಿನ ಕಾಲದ ಜೇಬು ರಿವಾಲ್ವರುಗಳು ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಒಳಗೆ ಮಖಮಲ್ಲಿನಲ್ಲಿ ಆಯುಧದ್ದೇ ಆಕಾರದ ಗುಂಡಿ. ಆಯುಧ ಕಳೆದುಕೊಂಡ ಇಂಥ ಪೆಟ್ಟಿಗೆಗಳು ಶುಕ್ರವಾರದ ಸಂತೆಯಲ್ಲಿ ಅಪರೂಪಕ್ಕೆ ಸಿಗುತ್ತವೆ. ಇಪ್ಪತ್ತು ವರ್ಷಗಳಲ್ಲಿ ಸಿರಿಲ್‌ಗೆ ಏಳು ಸಿಕ್ಕಿವೆ. ಬ್ನೇದ್ ಅಲ್ ಗಾರಿನ ಫ್ಲ್ಯಾಟಿನಲ್ಲಿ ಅವನ್ನು ದಿನವೂ ಒರೆಸುತ್ತಾರೆ.

"ಖಾಲಿ ಪೆಟ್ಟಿಗೆಗೆ ಪಾಲಿಶ್ ಹೊಡೆಯುವ ಗಂಡಸು ನೀವೊಬ್ರೇ ಮಾರಾಯ್ರೆ," ಎನ್ನುತ್ತಾರೆ ಹೆಂಡತಿ ಮರ್ಸಿ. "ಹಾಗೇ ಫ್ರಿಜ್ಜಿನ ಮೇಲೂ ಸ್ವಲ್ಪ ಕೈಯಾಡಿಸಿ."

ಸಿರಿಲ್‌ಗಿದ್ದದ್ದು ಒಂದೇ ಆಸೆ: ಒಂದು ಪೆಟ್ಟಿಗೆಯಾದರೂ ತುಂಬಿದ್ದನ್ನು ಕಣ್ಣಾರೆ ನೋಡಬೇಕು. ಅವರು ಸ್ಟೋರ್‌ಕೀಪರ್ ಆಗಿರುವ ಅರ್ದಿಯಾದ ಗೋದಾಮಿನ ಮಾಲೀಕ, ಅವರ ವೀಸಾದ ಹೊಣೆ ಹೊತ್ತ ಕಫೀಲ್ ಅಬು ಫಹದ್, ಅಜ್ಜನ ಕಾಲದ ಪುಟ್ಟ ರಿವಾಲ್ವರೊಂದನ್ನು ಟವೆಲಿನಲ್ಲಿ ಸುತ್ತಿಟ್ಟಿದ್ದಾರೆಂದು ಗೊತ್ತಾದಾಗ ಆಸೆ ಕಾಯಿಲೆಯಾಯಿತು. ಕಳೆದ ಚಳಿಗಾಲದಲ್ಲಿ ತಮ್ಮ ಅತಿ ಪ್ರೀತಿಯ ಪೆಟ್ಟಿಗೆಯನ್ನು ಎತ್ತಿಕೊಂಡು ಅವರ ದಿವಾನಿಯಾಕ್ಕೆ, ಅಂದರೆ ಗಂಡಸರು ಕೂತು ಚಹಾ ಕುಡಿಯುವ ಚಾವಡಿಗೆ, ಹೋದರು.

ಅಂಥ ಮನೆಗಳಲ್ಲಿ ಯಾವುದನ್ನೂ ಬಾಯ್ತುಂಬ ಹೊಗಳಬಾರದು. ಹೊಗಳಿದರೆ ಅದನ್ನು ನಿಮಗೇ ಕೊಟ್ಟುಬಿಡುತ್ತಾರೆ. ಹೊಸಬರಿಗೆಲ್ಲ ಇದನ್ನು ಹೇಳಿಕೊಡುವವರೇ ಸಿರಿಲ್. ಆದರೆ ರಿವಾಲ್ವರು ಆ ಗುಂಡಿಯೊಳಗೆ ತೊಟ್ಟಿಲಿಗಿಳಿದ ಮಗುವಿನಂತೆ ಮಲಗಿದಾಗ ಬಾಯಿ ತಡೆಯಲಿಲ್ಲ.

"ವಲ್ಲಾ, ಎಂಥಾ ಚಂದ!"

"ತಫದ್ದಲ್," ಎಂದರು ಅಬು ಫಹದ್, ಪೆಟ್ಟಿಗೆಯನ್ನು ಮುಂದೆ ಸರಿಸಿ. "ತಗೋ ಸಿರಿಲ್, ನಿನ್ನದೇ."

ತೆಗೆದುಕೊಂಡರೆ ಪೊಲೀಸರು, ಬೇಡವೆಂದರೆ ಕಫೀಲರಿಗೆ ಅವಮಾನ. ಇಲ್ಲಿ ಉಳಿಯುವ ಪರವಾನಗಿ, ಇಕಾಮಾ, ಎರಡೂ ಕಡೆಯಿಂದ ಅಲ್ಲಾಡಿತು. ಉಳಿದದ್ದು ಒಂದೇ ದಾರಿ.

"ಬಾಬಾ, ಇದು ನಿಮ್ಮ ಅಜ್ಜನದ್ದು. ಇದಕ್ಕೆ ಇವತ್ತು ಮನೆ ಸಿಕ್ಕಿತು. ಪೆಟ್ಟಿಗೆಯೂ ನಿಮ್ಮಲ್ಲೇ ಇರಲಿ."

ಹೇಳುತ್ತ ಪೆಟ್ಟಿಗೆಯ ಅಂಚನ್ನು ಅಂಗೈಯಿಂದ ಒಮ್ಮೆ ಒರೆಸಿದರು. ಅಬು ಫಹದ್ ಸಿರಿಲ್‌ರ ಮುಖವನ್ನೇ ನೋಡಿದರು. ಮುಚ್ಚಳ ಮುಚ್ಚಿ, ಪೆಟ್ಟಿಗೆಯಲ್ಲೇ ಇದ್ದ ಪುಟ್ಟ ಕೀಲಿ ತಿರುಗಿಸಿ, ಅದನ್ನು ಸಿರಿಲ್‌ರ ಅಂಗೈಯಲ್ಲಿಟ್ಟರು.

"ಲೈಸೆನ್ಸ್ ನನ್ನದು, ಕೀಲಿ ನಿನ್ನದು. ನಿನಗೆ ನೋಡಬೇಕಾದರೂ ನೀನು ಬರಬೇಕು, ನನಗೆ ನೋಡಬೇಕಾದರೂ ನೀನೇ ಬರಬೇಕು. ಪ್ರತಿ ಗುರುವಾರ. ಖಲಾಸ್!"

ಈಗ ಗುರುವಾರ ಸಂಜೆಯಾದರೆ ಸಿರಿಲ್ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಮದುವೆಗೆ ಹೊರಟವರ ಹಾಗೆ ಸೆಂಟು ಹಾಕಿಕೊಳ್ಳುತ್ತಾರೆ.

"ಒಂದು ಪೆಟ್ಟಿಗೆ ತೊಲಗಿತಂತ ಖುಷಿಪಟ್ಟಿದ್ದೆ," ಎನ್ನುತ್ತಾರೆ ಮರ್ಸಿ, ಅವರ ಕಾಲರು ಸರಿಮಾಡುತ್ತ. "ಅದರ ಹಿಂದೆಯೇ ಗಂಡನೂ ಹೋದ್ರು ನೋಡಿ."